ಈ ಸಲದ ಜ್ವರ ಬೇರೆ: ಮಕ್ಕಳ ಜ್ವರ ಮತ್ತು ಶ್ರಾವಕರ ಮನೆ



ಹೈದರಾಬಾದಿನಲ್ಲಿ ಮಳೆಗಾಲವೆಂದರೆ ಜ್ವರದ ಕಾಲ. ಜುಲೈಯಿಂದ ಅಕ್ಟೋಬರ್‌ವರೆಗೆ ನಲ್ಲಕುಂಟದ ಫೀವರ್ ಆಸ್ಪತ್ರೆಯಲ್ಲಿ ಜನಸಂದಣಿ ಹೆಚ್ಚುತ್ತದೆ. ರೆಡ್ ಹಿಲ್ಸ್‌ನ ನಿಲೋಫರ್ ಮಕ್ಕಳ ಆಸ್ಪತ್ರೆಯಲ್ಲಿ ಒಂದೇ ಹಾಸಿಗೆಯ ಮೇಲೆ ಇಬ್ಬರು ಮಕ್ಕಳನ್ನು ಮಲಗಿಸಿದ ವರದಿಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಜೈನರಿಗೆ ಇದೇ ತಿಂಗಳುಗಳು ಚಾತುರ್ಮಾಸ. ಭಾದ್ರಪದದ ದಶಲಕ್ಷಣ ಪರ್ವವೂ ಈ ನಡುವೆಯೇ ಬರುತ್ತದೆ. ಮನೆಯ ಹಿರಿಯರು ಏಕಾಶನದಲ್ಲೋ ಉಪವಾಸದಲ್ಲೋ ಇರುತ್ತಾರೆ, ಮನೆಯ ಗಮನವೆಲ್ಲ ಬಸದಿಯ ಕಡೆಗೆ ಇರುತ್ತದೆ. ಜ್ವರದ ಋತುವೂ ವ್ರತದ ಋತುವೂ ಒಂದೇ ಆಗಿರುವುದರಿಂದ ಮಕ್ಕಳ ಜ್ವರವು ವೈದ್ಯರಿಗಷ್ಟೇ ಬಿಟ್ಟುಬಿಡತಕ್ಕ ವಿಷಯವಲ್ಲ, ಸಮಾಜವೂ ಕುಳಿತು ಯೋಚಿಸತಕ್ಕ ವಿಷಯ. ಇಲ್ಲಿ ಹೇಳುವ ಯಾವ ಮಾತೂ ವೈದ್ಯರ ಸ್ಥಾನವನ್ನು ತುಂಬುವುದಕ್ಕಲ್ಲ. ವೈದ್ಯರ ಬಾಗಿಲನ್ನು ಯಾವ ಹೊತ್ತಿನಲ್ಲಿ ತಟ್ಟಬೇಕೆಂಬುದು ಮಾತ್ರ ಇಲ್ಲಿಯ ಪ್ರಶ್ನೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಕಾಚಿಗುಡದ ಎರಡನೆಯ ಮಹಡಿ. ಕಲಬುರಗಿಯ ಕಡೆಯಿಂದ ವ್ಯಾಪಾರಕ್ಕೆಂದು ಬಂದು ಮೂರು ತಲೆಮಾರು ಕಳೆದ ಕುಟುಂಬ. ಎರಡು ವರ್ಷದ ಮಗುವಿಗೆ ಜ್ವರ ಬಂದು ಮೂರನೆಯ ದಿನ. ರಾತ್ರಿ ಒಂಬತ್ತು ಗಂಟೆ. ಸಂಜೆ ಕೊಟ್ಟ ಪ್ಯಾರಾಸಿಟಮಾಲ್‌ನಿಂದ ಮೈಯ ಬಿಸಿ ಇಳಿದಿದೆ. ಆದರೂ ಮಗು ಎದ್ದು ಆಡುತ್ತಿಲ್ಲ. ಅಂಗೈ ಅಂಗಾಲು ತಣ್ಣಗಿವೆ. ಮಧ್ಯಾಹ್ನದಿಂದ ಒಮ್ಮೆಯೂ ಮೂತ್ರ ಮಾಡಿಲ್ಲ. ಸೊಸೆ ಮೆಲ್ಲಗೆ ಹೇಳುತ್ತಾಳೆ: "ಈ ಸಲದ ಜ್ವರ ಬ್ಯಾರೆ ಅದರೀ ಅತ್ತಿ." ಅತ್ತೆ ಜಪಮಾಲೆ ಕೆಳಗಿಟ್ಟು ಹೇಳುತ್ತಾರೆ: "ಹಲ್ಲು ಬರ್ಲಿಕತ್ತಾವ, ಅದಕ್ಕ ಮೈ ಬೆಚ್ಚಗಾಗ್ಯದ. ನನ್ನ ಮೂರೂ ಮಕ್ಕಳಿಗೂ ಹಿಂಗ ಆಗ್ತಿತ್ತು. ಮುಂಜಾನಿ ನೋಡೂಣು." ಮಗ ಮೊಬೈಲಿನಿಂದ ತಲೆ ಎತ್ತದೆ ಸೇರಿಸುತ್ತಾನೆ: "ಈಗ ಡಾಕ್ಟರ್ ಎಲ್ಲಿ ಸಿಗ್ತಾರ? ಮುಂಜಾನಿ ಮೊದಲ ನಂಬರ್ ಹಚ್ಚಸ್ತೀನಿ."

ಈ ಮನೆ ಕಲ್ಪನೆಯದು. ಈ ಮೂರು ಮಾತುಗಳು ಕಲ್ಪನೆಯವಲ್ಲ. ಪುಣೆಯಲ್ಲಿ, ಮುಂಬಯಿಯಲ್ಲಿ, ದುಬೈಯಲ್ಲಿ ನೆಲೆಸಿದ ಕನ್ನಡ ಜೈನ ಮನೆಗಳಲ್ಲಿ ಅತ್ತೆಯ ಮಾತು ವೀಡಿಯೊ ಕರೆಯ ಮೂಲಕ ಬರಬಹುದು, ಅಷ್ಟೇ ವ್ಯತ್ಯಾಸ. ಮೂವರಲ್ಲಿ ಯಾರ ಮಾತಿಗೆ ಹೆಚ್ಚು ತೂಕ? ಮನೆಯ ಲೆಕ್ಕದಲ್ಲಿ ಅತ್ತೆಯ ಮಾತಿಗೆ. ವೈದ್ಯಶಾಸ್ತ್ರದ ಲೆಕ್ಕದಲ್ಲಿ ಸೊಸೆಯ ಮಾತಿಗೆ.

ಇದು ಸೊಸೆಯಂದಿರನ್ನು ಮೆಚ್ಚಿಸಲು ಆಡುವ ಮಾತಲ್ಲ. ಬೆಲ್ಜಿಯಂನಲ್ಲಿ ಸುಮಾರು ನಾಲ್ಕು ಸಾವಿರ ಅಸ್ವಸ್ಥ ಮಕ್ಕಳನ್ನು ಕುರಿತು ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಸಾಮಾನ್ಯ ಜ್ವರದ ಮಕ್ಕಳ ನಡುವೆ ಗಂಭೀರ ಸೋಂಕಿನ ಮಗುವನ್ನು ಗುರುತಿಸಲು ನೆರವಾಗುವ ಲಕ್ಷಣಗಳು ಯಾವುವೆಂದು ಅಲ್ಲಿ ಹುಡುಕಲಾಯಿತು. ಹಾಗೆ ದೊರೆತ ಬಲವಾದ ಸೂಚನೆಗಳಲ್ಲಿ ಒಂದು ಯಂತ್ರದಿಂದ ಅಳೆಯುವಂಥದ್ದಲ್ಲ: ಈ ಕಾಯಿಲೆ ಮಗುವಿಗೆ ಹಿಂದೆ ಬಂದ ಕಾಯಿಲೆಗಳ ಹಾಗಿಲ್ಲ ಎಂಬ ಹೆತ್ತವರ ಮಾತು. ಇದಕ್ಕೆ ಕಾರಣ ಸರಳವಾಗಿದೆ. ವೈದ್ಯರು ಮಗುವನ್ನು ಐದು ನಿಮಿಷ ನೋಡುತ್ತಾರೆ, ಅತ್ತೆ ತನ್ನ ಮಕ್ಕಳನ್ನು ಮೂವತ್ತು ವರ್ಷಗಳ ಹಿಂದೆ ನೋಡಿದ್ದರು, ತಾಯಿ ಈ ಮಗುವನ್ನು ಹುಟ್ಟಿದಂದಿನಿಂದ ಹಗಲಿರುಳು ನೋಡುತ್ತಿದ್ದಾಳೆ. ಹಿಂದಿನ ನಾಲ್ಕು ಜ್ವರಗಳಲ್ಲಿ ಮಗು ಹೇಗಿತ್ತೆಂಬ ದಾಖಲೆ ಇರುವುದು ಆಕೆಯ ಬಳಿ ಮಾತ್ರ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಈ ತಿಳಿವಳಿಕೆಗೆ ನಿಯಮದ ರೂಪ ಬಂದದ್ದು ಒಂದು ಸಾವಿನ ನಂತರ. 2007ರಲ್ಲಿ ಮೂರು ವರ್ಷ ತುಂಬದ ರಯಾನ್ ಸಾಂಡರ್ಸ್ ಎಂಬ ಬಾಲಕ ಸ್ಟ್ರೆಪ್ಟೊಕಾಕಸ್ ಸೋಂಕಿನಿಂದ ತೀರಿಕೊಂಡನು. ಸಮಯಕ್ಕೆ ಗುರುತಿಸಿದ್ದರೆ ಚಿಕಿತ್ಸೆ ಇದ್ದ ಸೋಂಕು ಅದು. ಮಗುವಿನ ಸ್ಥಿತಿ ಕೆಡುತ್ತಿದೆಯೆಂದು ತಂದೆತಾಯಿ ಹೇಳಿದ ಮಾತಿಗೆ ಆಸ್ಪತ್ರೆಯಲ್ಲಿ ಬೆಲೆ ಸಿಕ್ಕಿರಲಿಲ್ಲ. 2013ರಲ್ಲಿ ಅಲ್ಲಿ 'ರಯಾನ್ಸ್ ರೂಲ್' ಜಾರಿಗೆ ಬಂದಿತು. ಅದರ ಪ್ರಕಾರ ಮಗು ಸರಿಯಿಲ್ಲವೆಂದು ಹೆತ್ತವರಿಗೆ ಅನ್ನಿಸಿದರೆ ಬೇರೊಂದು ತಂಡದಿಂದ ಮರುಪರೀಕ್ಷೆ ಕೇಳುವ ಹಕ್ಕು ಅವರಿಗಿದೆ. ಇಂಗ್ಲೆಂಡಿನಲ್ಲಿಯೂ 2024ರಿಂದ 'ಮಾರ್ಥಾಸ್ ರೂಲ್' ಎಂಬ ಹೆಸರಿನಲ್ಲಿ ಇಂಥದೇ ವ್ಯವಸ್ಥೆ ಆರಂಭವಾಗಿದೆ. ಆ ದೇಶಗಳಲ್ಲಿ ಹೋರಾಟ ನಡೆದದ್ದು ಆಸ್ಪತ್ರೆಯ ಒಳಗೆ. ಜೈನ ಅವಿಭಕ್ತ ಕುಟುಂಬಗಳಲ್ಲಿ ತಾಯಿಯ ಮಾತು ಆಸ್ಪತ್ರೆ ತಲುಪುವ ಮೊದಲೇ ಮನೆಯ ನಡುಮನೆಯಲ್ಲಿ ಸೋಲುತ್ತದೆ.

ಹಾಗೆಂದು ಪ್ರತಿಯೊಂದು ಜ್ವರಕ್ಕೂ ಓಡಬೇಕಾಗಿಲ್ಲ. ಮಕ್ಕಳಿಗೆ ಬರುವ ಜ್ವರಗಳಲ್ಲಿ ಬಹುಪಾಲು ವೈರಾಣುವಿನವು, ಮೂರು ನಾಲ್ಕು ದಿನಗಳಲ್ಲಿ ತಾವಾಗಿ ಹೋಗುತ್ತವೆ. ಜ್ವರವೆಂಬುದು ದೇಹ ಹೋರಾಡುತ್ತಿರುವ ಗುರುತು, ಅದೇ ಶತ್ರುವಲ್ಲ. ಥರ್ಮಾಮೀಟರ್‌ನ ಅಂಕಿಗೂ ಸೋಂಕಿನ ಗಂಭೀರತೆಗೂ ಜನ ಭಾವಿಸುವಷ್ಟು ಹತ್ತಿರದ ಸಂಬಂಧವಿಲ್ಲ. 103 ಡಿಗ್ರಿ ಇದ್ದೂ ನಡುವೆ ನಡುವೆ ನಗುವ ಮಗು, 100 ಡಿಗ್ರಿಯಲ್ಲೇ ಮಂಕಾಗಿ ಮಲಗಿ ತಾಯಿಯ ಮುಖವನ್ನೂ ನೋಡದ ಮಗುವಿಗಿಂತ ಎಷ್ಟೋ ಸುರಕ್ಷಿತ. ವ್ಯಾಪಾರದ ಮನೆಗಳಿಗೆ ಇದು ಬೇಗ ಅರ್ಥವಾಗಬೇಕು. ಒಂದು ದಿನದ ನಗದು ಶಿಲ್ಕು ನೋಡಿ ಅಂಗಡಿಯ ಆರೋಗ್ಯ ಹೇಳಲಾಗುವುದಿಲ್ಲ. ಲೆಕ್ಕ ಯಾವ ದಿಕ್ಕಿಗೆ ಸಾಗುತ್ತಿದೆಯೆಂದು ನೋಡಬೇಕು.

ಆದ್ದರಿಂದ ಮೊದಲ ಪರೀಕ್ಷೆ ಇದು: ಜ್ವರದ ಔಷಧ ಕೊಟ್ಟು ಒಂದು ಗಂಟೆಯ ಮೇಲೆ ಮಗು ಹೇಗಿದೆ? ಇಲ್ಲೊಂದು ತಪ್ಪು ಗ್ರಹಿಕೆಯನ್ನು ತೊಡೆಯಬೇಕು. ಪ್ಯಾರಾಸಿಟಮಾಲ್‌ನಿಂದ ಜ್ವರ ಇಳಿದರೆ ಅದು ಸಾಧಾರಣ ಜ್ವರವೆಂದು ತಿಳಿಯುವುದು ಸರಿಯಲ್ಲ. ಮೆದುಳುಪೊರೆಯ ಸೋಂಕಿನ ಜ್ವರವೂ ಆ ಔಷಧಕ್ಕೆ ತುಸು ಇಳಿಯಬಹುದು. ಅಂಕಿ ಇಳಿದದ್ದು ಮುಖ್ಯವಲ್ಲ. ಅಂಕಿ ಇಳಿದಾಗ ಮಗು ಮರಳಿ ಮಗುವಾಯಿತೇ ಎಂಬುದು ಮುಖ್ಯ. ಕಣ್ಣು ಹೊಳೆಯಿತೇ, ಆಟಿಕೆ ಕೇಳಿತೇ, ನೀರು ಕುಡಿಯಿತೇ, ಕೊನೆಗೆ ಹಟವನ್ನಾದರೂ ಮಾಡಿತೇ? ಹಟ ಮಾಡುವ ಮಗುವನ್ನು ಕಂಡು ಬೇಸರಪಡುವ ತಾಯಂದಿರು ಜ್ವರದ ದಿನಗಳಲ್ಲಿ ಅದನ್ನು ಕಂಡು ನೆಮ್ಮದಿಪಡಬಹುದು.

ಎರಡನೆಯದು ಉಸಿರು. ಭಾರತ ಸರಕಾರದ ಶಿಶು ಆರೋಗ್ಯ ಕಾರ್ಯಕ್ರಮದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸುವ ಎಣಿಕೆಯೊಂದಿದೆ. ಪದವೀಧರರ ಮನೆಗಳಿಗೆ ಅದು ತಿಳಿದಿಲ್ಲವೆಂಬುದು ವಿಚಿತ್ರ. ಮಗು ಅಳದೆ ಶಾಂತವಾಗಿರುವಾಗ ಅಂಗಿ ಮೇಲೆತ್ತಿ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಶಿಶುವಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರಾಟ, ನ್ಯುಮೋನಿಯಾದ ಶಂಕೆಗೆ ಆಸ್ಪದ. ಉಸಿರೆಳೆದಾಗ ಎದೆಗೂಡಿನ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ಮೂಗಿನ ಹೊಳ್ಳೆಗಳು ಅರಳಿದರೆ, ಪ್ರತಿ ಉಸಿರಿಗೂ ಮುಲುಗುವ ಸದ್ದು ಬಂದರೆ, ತುಟಿ ನೀಲಿಗಟ್ಟಿದರೆ ಎಣಿಸುತ್ತ ಕೂರುವ ಅಗತ್ಯವೇ ಇಲ್ಲ, ಹೊರಡಬೇಕು.

ಮೂರನೆಯದು ರಕ್ತಸಂಚಾರ. ಸೋಂಕಿನ ವಿರುದ್ಧ ಹೋರಾಡುವ ದೇಹವೇ ತಾಳ ತಪ್ಪಿ ತನ್ನ ಅಂಗಾಂಗಗಳನ್ನು ಕೆಡಿಸತೊಡಗುವ ಸ್ಥಿತಿಗೆ ಸೆಪ್ಸಿಸ್ ಎಂದು ಹೆಸರು. ಆಗ ದೇಹ ರಕ್ತವನ್ನು ಹೃದಯ ಮೆದುಳುಗಳಿಗಾಗಿ ಉಳಿಸಿಕೊಂಡು ಕೈಕಾಲುಗಳಿಗೆ ಕಡಿಮೆ ಮಾಡುತ್ತದೆ. ಒಡಲು ಬಿಸಿ, ಅಂಗೈ ಅಂಗಾಲು ತಣ್ಣಗೆ. ಚರ್ಮ ಬಿಳಿಚಿಕೊಂಡು ಅಮೃತಶಿಲೆಯ ಮೇಲಿನ ಗೆರೆಗಳಂತೆ ಮಚ್ಚೆಮಚ್ಚೆಯಾಗುವುದು. ಕಾಲುನೋವೆಂದು ಮಗು ನಡೆಯದಿರುವುದು. ಕುತ್ತಿಗೆ ಬಿಗಿತದಂಥ ಪ್ರಸಿದ್ಧ ಲಕ್ಷಣಗಳಿಗಿಂತ ಗಂಟೆಗಳಷ್ಟು ಮೊದಲೇ ಇವು ಕಾಣಿಸಿಕೊಳ್ಳಬಹುದು. ಎದೆಯ ಮೇಲೋ ಉಗುರಿನ ಮೇಲೋ ಬೆರಳಿನಿಂದ ಐದು ಸೆಕೆಂಡು ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಬಣ್ಣ ಮರಳಲು ಮೂರು ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಅದೂ ಇದೇ ಸೂಚನೆ. ಜ್ವರ ಏರುವಾಗ ಚಳಿಯಿಂದ ಕೈಕಾಲು ತಣ್ಣಗಾಗುವುದುಂಟು, ನಿಜ. ಆದರೆ ಜ್ವರ ಇಳಿದ ಮೇಲೂ ಅವು ಬೆಚ್ಚಗಾಗದಿದ್ದರೆ ಅದು ಸಮಾಧಾನದ ವಿಷಯವಲ್ಲ. ಕಾಚಿಗುಡದ ಆ ಮನೆಯ ಸೊಸೆ ಕಂಡದ್ದು ಇದನ್ನೇ.

ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆಗಳೆದ್ದಿದ್ದರೆ ಪಾರದರ್ಶಕ ಗಾಜಿನ ಲೋಟವನ್ನು ಅವುಗಳ ಮೇಲೆ ಒತ್ತಿ ನೋಡುವ ಕ್ರಮವಿದೆ. ಒತ್ತಿದಾಗಲೂ ಮಾಸದ ಚುಕ್ಕೆಯೆಂದರೆ ಚರ್ಮದೊಳಗೆ ರಕ್ತ ಜಿನುಗಿದೆಯೆಂದು ಅರ್ಥ. ವಿದೇಶಿ ಪುಸ್ತಕಗಳು ಬಿಳಿಯ ಚರ್ಮವನ್ನು ಮುಂದಿಟ್ಟು ಬರೆದವು. ಎಣ್ಣೆಗೆಂಪು ಅಥವಾ ಕಪ್ಪು ಮೈಬಣ್ಣದ ಮಕ್ಕಳಲ್ಲಿ ಅಂಗೈ, ಅಂಗಾಲು, ಕಣ್ಣರೆಪ್ಪೆಯ ಒಳಭಾಗ, ಬಾಯಿಯ ಮೇಲ್ಭಾಗಗಳನ್ನು ನೋಡಬೇಕು. ಮೈಬಣ್ಣದ ಬಗ್ಗೆ ಇರುವ ಹಳೆಯ ಸಂಕೋಚವನ್ನು ಬದಿಗಿಟ್ಟು ಟ್ಯೂಬ್‌ಲೈಟಿನ ಕೆಳಗೆ ಮಗುವಿನ ಬಟ್ಟೆ ಪೂರ್ತಿ ಬಿಚ್ಚಿ ನೋಡುವುದು ಒಳ್ಳೆಯದು. ಬಟ್ಟೆ ಬಿಚ್ಚದೆ ಮಾಡಿದ ತಪಾಸಣೆ ಅರ್ಧ ತಪಾಸಣೆ.

ಉಳಿದವು ಬೇಗ ಹೇಳಬಹುದಾದವು: ಮೊಲೆಹಾಲನ್ನೋ ನೀರನ್ನೋ ಕುಡಿಯಲಾಗದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಎಬ್ಬಿಸಿದರೂ ಸರಿಯಾಗಿ ಎಚ್ಚರಗೊಳ್ಳದಿರುವುದು, ಕುತ್ತಿಗೆ ಬಗ್ಗಿಸಲಾಗದಿರುವುದು, ಶಿಶುವಿನ ನೆತ್ತಿಯ ಮೆತ್ತನೆಯ ಭಾಗ ಉಬ್ಬಿರುವುದು, ಎತ್ತಿಕೊಂಡರೂ ನಿಲ್ಲದ ಕೀರಲು ಅಳು, ಆರೆಂಟು ಗಂಟೆ ಮೂತ್ರವಿಲ್ಲದಿರುವುದು. ಈಗಿನ ಡಯಾಪರ್‌ಗಳು ಮೂತ್ರದ ಲೆಕ್ಕವನ್ನೇ ಮರೆಮಾಚುತ್ತವೆ. ಜ್ವರದ ದಿನಗಳಲ್ಲಿ ಬಟ್ಟೆಯ ಲಂಗೋಟಿಯೇ ವಾಸಿ. ಇವುಗಳಲ್ಲಿ ಒಂದೇ ಒಂದು ಕಂಡರೂ ಸಾಕು, ಎರಡನೆಯದಕ್ಕೆ ಕಾಯಬಾರದು.

ಮೂರು ತಿಂಗಳೊಳಗಿನ ಕೂಸಿನ ನಿಯಮವೇ ಬೇರೆ. ಅಲ್ಲಿ ಲಕ್ಷಣಗಳನ್ನು ತೂಗುವ ಪ್ರಶ್ನೆಯಿಲ್ಲ. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ಆ ಹೊತ್ತಿಗೇ ಆಸ್ಪತ್ರೆ. ಎರಡು ತಿಂಗಳೊಳಗಿನ ಶಿಶುವಿಗೆ ಭಾರತದ ಕಾರ್ಯಕ್ರಮ ಇನ್ನೂ ಬಿಗಿಯಾದ ಮಿತಿ ಇಟ್ಟಿದೆ: ಕಂಕುಳಲ್ಲಿ 99.5 ಡಿಗ್ರಿ. ಅಷ್ಟು ಚಿಕ್ಕ ಕೂಸುಗಳಲ್ಲಿ ಸೋಂಕು ಜ್ವರದ ಬದಲು ಮೈ ತಣ್ಣಗಾಗಿಯೂ ತೋರಬಹುದು. 95.9 ಡಿಗ್ರಿಗಿಂತ ಕೆಳಗಿಳಿದ ಮೈ, ಚೀಪುವುದನ್ನು ನಿಲ್ಲಿಸಿದ ಬಾಯಿ ಅಷ್ಟೇ ಅಪಾಯದ ಸೂಚನೆಗಳು. ಬಾಣಂತನದ ಕೋಣೆಯಲ್ಲಿ 'ಬಿಸಿನೀರಿನಿಂದ ಮೈ ಬೆಚ್ಚಗಾಗಿರಬೇಕು', 'ದೃಷ್ಟಿ ತಗುಲಿರಬೇಕು' ಎಂದು ಕಳೆಯುವ ಒಂದೊಂದು ಗಂಟೆಯೂ ಕೂಸಿನ ಖಾತೆಯಿಂದ ಹೋಗುವಂಥದ್ದು.

ಇನ್ನು ಹಲ್ಲಿನ ಮಾತು. ಹಲ್ಲು ಬರುವಾಗ ಮೈ ಸ್ವಲ್ಪ ಬೆಚ್ಚಗಾದೀತು, ಆದರೆ ಅದರಿಂದ 101, 102 ಡಿಗ್ರಿ ಜ್ವರ ಬರುವುದಿಲ್ಲ. ಹಲ್ಲು ಮೂಡುವ ವಯಸ್ಸೂ ತಾಯಿಯಿಂದ ಬಂದ ರೋಗರಕ್ಷಣೆ ಕರಗುವ ವಯಸ್ಸೂ ಒಂದೇ ಆದ್ದರಿಂದ ಅಪವಾದ ಹಲ್ಲಿನ ಮೇಲೆ ಬಂದಿದೆ. ಹೆಣ್ಣುಶಿಶುಗಳಲ್ಲಿ ಶೀತ ಕೆಮ್ಮು ಯಾವುದೂ ಇಲ್ಲದೆ ಬರುವ ಜ್ವರದ ಹಿಂದೆ ಹಲವು ಬಾರಿ ಮೂತ್ರನಾಳದ ಸೋಂಕಿರುತ್ತದೆ. ಅದನ್ನು ಹಲ್ಲಿನ ಲೆಕ್ಕಕ್ಕೆ ಬರೆದರೆ ಕೊನೆಗೆ ಮೂತ್ರಪಿಂಡ ಬೆಲೆ ತೆರಬೇಕಾಗುತ್ತದೆ.

ಹೈದರಾಬಾದಿಗೆ ವಿಶೇಷವಾಗಿ ಹೇಳಬೇಕಾದದ್ದು ಡೆಂಗ್ಯೂ ಕುರಿತು. ಸೊಳ್ಳೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಕಂಡದ್ದು ಸಿಕಂದರಾಬಾದಿನಲ್ಲಿಯೇ. ಫೀವರ್ ಆಸ್ಪತ್ರೆಗೆ ಅವರದೇ ಹೆಸರಿದೆ. ಆ ಶೋಧನೆಯಾದ ಊರಿನಲ್ಲಿಯೇ ಇಂದು ಇನ್ನೊಂದು ಸೊಳ್ಳೆ ಆಳುತ್ತಿದೆ. 2019ರ ಅಕ್ಟೋಬರಿನಲ್ಲಿ ಡೆಂಗ್ಯೂ ಹತೋಟಿಯ ವಿಷಯದಲ್ಲಿ ತೆಲಂಗಾಣ ಉಚ್ಚ ನ್ಯಾಯಾಲಯ ರಾಜ್ಯದ ಮುಖ್ಯ ಕಾರ್ಯದರ್ಶಿಯನ್ನೇ ಕರೆಸಿ ಪ್ರಶ್ನಿಸಬೇಕಾಯಿತು. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ನಗರದಲ್ಲಿ ಮನೆಮನೆಯಲ್ಲೂ ಡ್ರಮ್ಮು, ಸಂಪು. ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಆ ಶುದ್ಧ ನೀರಿನಲ್ಲೇ. ನೀರಿನ ವ್ಯವಸ್ಥೆ ಸರಿಪಡಿಸದೆ ವರ್ಷಕ್ಕೊಮ್ಮೆ ಹೊಗೆ ಬಿಡುವುದನ್ನು ಆಡಳಿತವೆಂದು ಕರೆಯುವುದು ಕಷ್ಟ. ಸೊಳ್ಳೆಯನ್ನು ಕೊಲ್ಲಬಹುದೇ ಎಂಬ ಚರ್ಚೆ ಜೈನ ಮನೆಗಳಲ್ಲಿ ಆಗಾಗ ನಡೆಯುತ್ತದೆ. ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿದರೆ ಆ ಚರ್ಚೆಯ ಅಗತ್ಯವೇ ಬರುವುದಿಲ್ಲ. ನೀರನ್ನು ಗಾಳಿಸಿ ಕುಡಿಯುವ ಮನೆಗಳಿಗೆ ಬಟ್ಟೆ ಕಟ್ಟುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಡೆಂಗ್ಯೂವಿನ ಮೋಸವಿರುವುದು ಜ್ವರ ಇಳಿಯುವ ಹೊತ್ತಿನಲ್ಲಿ. ಮೂರರಿಂದ ಏಳನೆಯ ದಿನದ ನಡುವೆ ಜ್ವರ ಬಿಡುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ, ತಂದೆ ಅಂಗಡಿಗೆ ಹೊರಡುತ್ತಾನೆ, ಅಜ್ಜಿ ಅಭಿಷೇಕಕ್ಕೆ ಹೊರಡುತ್ತಾರೆ. ಅಪಾಯದ 24ರಿಂದ 48 ಗಂಟೆಗಳು ಶುರುವಾಗುವುದು ಆಗಲೇ. ರಕ್ತನಾಳಗಳಿಂದ ದ್ರವ ಸೋರಿ ರಕ್ತ ದಪ್ಪಗಾಗುತ್ತದೆ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡು ಮೂಗುಗಳಿಂದ ರಕ್ತ, ಕಪ್ಪು ಮಲ, ಚಡಪಡಿಕೆ ಅಥವಾ ತೂಕಡಿಕೆ, ತಣ್ಣನೆಯ ಬೆವರು ಇದರ ಸೂಚನೆಗಳು. ಊರೆಲ್ಲ ಪ್ಲೇಟ್‌ಲೆಟ್ ಅಂಕಿಯ ಹಿಂದೆ ಬಿದ್ದಿದೆ, ಪರಂಗಿ ಎಲೆಯ ರಸ ಹುಡುಕುತ್ತ ಅಲೆಯುತ್ತದೆ. ಆದರೆ ಮಕ್ಕಳನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಈ ಸೋರಿಕೆ. ಮಗುವಿನ ಮೂತ್ರ, ನಾಡಿ, ರಕ್ತದ ಗಟ್ಟಿತನ ತೋರಿಸುವ ಪರೀಕ್ಷೆ ಇವುಗಳ ಮೇಲೆ ವೈದ್ಯರ ಕಣ್ಣಿರುತ್ತದೆ. ಡೆಂಗ್ಯೂ ಶಂಕೆಯಿರುವ ಮಗುವಿಗೆ ಐಬುಪ್ರೊಫೇನ್ ಕೊಡಬಾರದು, ಆಸ್ಪಿರಿನ್ ಅಂತೂ ಯಾವ ಮಗುವಿನ ಜ್ವರಕ್ಕೂ ಸಲ್ಲದು.

ಇನ್ನು ರಾತ್ರಿಯ ವಿಷಯ. ಕೆಲವರಿಗೆ ಇದು ಕಹಿಯಾಗಬಹುದು. ಸೂರ್ಯಾಸ್ತವಾದ ಮೇಲೆ ಜ್ವರದ ಮಗುವಿಗೆ ನೀರು, ಓಆರ್‌ಎಸ್, ಔಷಧ ಕೊಡಲು ಹಿಂಜರಿಯುವ ಮನೆಗಳು ಇಂದಿಗೂ ಇವೆ. ಬಹಿರಂಗವಾಗಿ ಯಾರೂ ಬೇಡವೆನ್ನುವುದಿಲ್ಲ. 'ಕೊಡಲೇಬೇಕಾ ಈಗ?' ಎಂಬ ಒಂದು ಪ್ರಶ್ನೆ ಸಾಕು, ಸೊಸೆಯ ಕೈ ತಡೆಯುತ್ತದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ರಾತ್ರಿಭುಕ್ತಿತ್ಯಾಗವು ಹನ್ನೊಂದು ಪ್ರತಿಮೆಗಳಲ್ಲಿ ಆರನೆಯದು. ಐದು ಮೆಟ್ಟಿಲು ಏರಿದ ಶ್ರಾವಕನು ತಿಳಿದು, ಒಪ್ಪಿ, ತನ್ನ ಮೇಲೆ ತಾನು ತೆಗೆದುಕೊಳ್ಳುವ ವ್ರತವದು. ಸಾಮಾನ್ಯ ಶ್ರಾವಕನೂ ಅದನ್ನು ಪಾಲಿಸಬೇಕೆಂದ ಆಚಾರ್ಯರಿದ್ದಾರೆ, ಆ ಚರ್ಚೆ ಬೇರೆ. ಎಂಟು ವರ್ಷ ತುಂಬುವ ಮೊದಲು ವ್ರತಧಾರಣೆಯ ಯೋಗ್ಯತೆಯೇ ಬರುವುದಿಲ್ಲವೆಂಬುದು ಪರಂಪರೆಯ ಮಾತು. ಎರಡು ವರ್ಷದ ಮಗುವಿನ ಮೇಲೆ ಆರನೆಯ ಪ್ರತಿಮೆಯನ್ನು ಹೊರಿಸಿದವರು ಯಾರು?

2016ರ ಅಕ್ಟೋಬರಿನಲ್ಲಿ ಇದೇ ಅವಳಿನಗರದಲ್ಲಿ ಹದಿಮೂರರ ಬಾಲಕಿಯೊಬ್ಬಳು 68 ದಿನಗಳ ಉಪವಾಸದ ಬೆನ್ನಿಗೇ ತೀರಿಕೊಂಡಳು. ಅದು ಜ್ವರದ ಪ್ರಕರಣವಲ್ಲ, ಆ ಮನೆಯ ದುಃಖವನ್ನು ಇಲ್ಲಿ ಕೆದಕುವ ಉದ್ದೇಶವೂ ಇಲ್ಲ. ಆದರೆ ಮಗುವಿನ ದೇಹದ ಮೇಲೆ ವ್ರತವನ್ನು ನಿಶ್ಚಯಿಸುವವರು ಯಾರೆಂದು ಅಂದು ಎದ್ದ ಪ್ರಶ್ನೆಗೆ ಸಮಾಜ ಇನ್ನೂ ನೇರವಾಗಿ ಉತ್ತರ ಕೊಟ್ಟಿಲ್ಲ. ಹೊರಗಿನವರು ಧರ್ಮದ ಮೇಲೆ ದಾಳಿ ಮಾಡುತ್ತಿದ್ದಾರೆಂದು ಕೂಗಿದ್ದೇ ಹೆಚ್ಚು. ತತ್ತ್ವಾರ್ಥಸೂತ್ರವು ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನು ಮುಂದಿಡುತ್ತದೆ: ಎಚ್ಚರಗೇಡಿತನದಿಂದ ಪ್ರಾಣಕ್ಕಾಗುವ ಹಾನಿ ಹಿಂಸೆ. ನೆಲ ನೋಡಿ ಹೆಜ್ಜೆಯಿಡುವಷ್ಟು ಎಚ್ಚರವನ್ನು ಕಲಿಸಿದ ಧರ್ಮದವರು ಮಗುವಿನ ಉಸಿರು ಎಣಿಸಲು ಬೇಸರಪಡುವುದಕ್ಕೆ ಯಾವ ಶಾಸ್ತ್ರದ ಆಧಾರವೂ ಇಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಎಣಿಸಿದ ಪರಂಪರೆಯಿದು. ಜೇನು, ಮದ್ಯ, ಮಾಂಸಗಳಿಲ್ಲದ ಚಿಕಿತ್ಸಾಕ್ರಮವನ್ನು 'ಕಲ್ಯಾಣಕಾರಕ'ದಲ್ಲಿ ನಿರೂಪಿಸಿದ ಉಗ್ರಾದಿತ್ಯಾಚಾರ್ಯರು ಜೈನ ಮುನಿಗಳು, ಅಮೋಘವರ್ಷ ನೃಪತುಂಗನ ಕಾಲದವರು. ಔಷಧದಲ್ಲಿ ಏನಿರಬೇಕೆಂದು ಅವರು ವಾದಿಸಿದರು, ಔಷಧವೇ ಬೇಡವೆನ್ನಲಿಲ್ಲ. ಕಾಚಿಗುಡದ ಕನ್ನಡ ಶಾಲೆಗೆ ಅದೇ ನೃಪತುಂಗನ ಹೆಸರಿದೆ.

ರಾತ್ರಿ ಹೊರಡಬೇಕಾದರೆ ಹೇಗೆ? 108 ಆಂಬುಲೆನ್ಸ್ ಸೇವೆ 2005ರ ಆಗಸ್ಟ್ 15ರಂದು ಆರಂಭವಾದದ್ದು ಹೈದರಾಬಾದಿನಲ್ಲಿ. ಜಪಮಾಲೆಯ ಮಣಿಗಳೂ 108. ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮನ ವಚನ ಕಾಯಗಳಿಂದ, ಕೃತ ಕಾರಿತ ಅನುಮೋದನಗಳಿಂದ, ನಾಲ್ಕು ಕಷಾಯಗಳಿಂದ ಗುಣಿಸಿದಾಗ ಬರುವ ಸಂಖ್ಯೆಯದು. ಜೈನ ಮನೆಗೆ ಈ ಸಂಖ್ಯೆ ಮರೆಯುವಂಥದ್ದಲ್ಲ. ನಿಲೋಫರ್ ಆಸ್ಪತ್ರೆ ರಾತ್ರಿಯೂ ತೆರೆದಿರುತ್ತದೆ. ತನ್ನ ದಾಸಿಯೊಬ್ಬಳು ಹೆರಿಗೆಯಲ್ಲಿ ತೀರಿಕೊಂಡ ದುಃಖದಿಂದ ರಾಜಕುಮಾರಿ ನಿಲೋಫರ್ ಒತ್ತಾಯಿಸಿದ್ದರಿಂದ 1953ರಲ್ಲಿ ಆದ ಆಸ್ಪತ್ರೆಯದು. ಅಲ್ಲಿಯ ಜನಸಂದಣಿಗೆ ಅಂಜಿ ಬೆಳಗಿನವರೆಗೆ ಕಾಯುವುದಕ್ಕಿಂತ ಅಲ್ಲಿ ಸಾಲಿನಲ್ಲಿ ನಿಂತು 'ಮಗು ಎಚ್ಚರಗೊಳ್ಳುತ್ತಿಲ್ಲ' ಎಂದು ಗಟ್ಟಿಯಾಗಿ ಹೇಳುವುದು ಮೇಲು. 2018ರಿಂದ ಬಂದ ಬಸ್ತಿ ದವಾಖಾನೆಗಳು ಒಳ್ಳೆಯ ಹೆಜ್ಜೆಯೇ. ಆದರೆ ಅವು ಹಗಲಿನವು, ಮಕ್ಕಳ ಸ್ಥಿತಿ ಕೆಡುವುದು ಹೊತ್ತು ನೋಡಿಕೊಂಡಲ್ಲ. ಚುನಾವಣೆಯಲ್ಲಿ ಮತ ಕೇಳಲು ಬರುವವರಿಗೆ ರಾತ್ರಿಯ ಮಕ್ಕಳ ವೈದ್ಯರ ಬಗ್ಗೆ ಕೇಳಿದ ಜೈನ ಸಭೆ ಇದ್ದರೆ ಅದು ಅಪರೂಪ. ಕೇಳುವುದು ತೆರಿಗೆಯ ಬಗ್ಗೆ, ಬಸದಿಯ ಜಾಗದ ಬಗ್ಗೆ.

ಖಾಸಗಿ ಆಸ್ಪತ್ರೆಗೆ ಹೋದರೆ ಮುಂಗಡದ ಮಾತು ಬರುತ್ತದೆ. ತುರ್ತಿನಲ್ಲಿ ಜೀವ ಉಳಿಸುವ ಚಿಕಿತ್ಸೆ ಕೊಡುವುದು ಸರಕಾರಿ, ಖಾಸಗಿ ಎನ್ನದೆ ಪ್ರತಿಯೊಬ್ಬ ವೈದ್ಯರ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿಯೇ ಹೇಳಿದೆ. ವಿಮೆಯ ಲೆಕ್ಕ ಹಾಕುತ್ತ ಕೂರುವವರೂ ಇದ್ದಾರೆ: 24 ಗಂಟೆ ದಾಖಲಾಗದಿದ್ದರೆ ಹಣ ಬರುವುದಿಲ್ಲ, ಆದ್ದರಿಂದ ಖಚಿತವಾಗಲಿ ಎಂದು. ಪಾಲಿಸಿಯ ಕಾಗದ ಮರುದಿನ ಓದಿದರೂ ನಡೆಯುತ್ತದೆ. ತೆಲಂಗಾಣದಲ್ಲಿ ಆರೋಗ್ಯಶ್ರೀಯ ಮಿತಿ 2023ರ ಡಿಸೆಂಬರಿನಿಂದ 10 ಲಕ್ಷ ರೂಪಾಯಿಯಾಗಿದೆ. ಅರ್ಹ ಕುಟುಂಬಗಳು ಸಂಕೋಚದಿಂದ ಕಾರ್ಡನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬೇಕಾಗಿಲ್ಲ.

ಮನೆಯ ಔಷಧದ ಡಬ್ಬಿಯಲ್ಲಿ ಒಂದು ಲೆಕ್ಕದ ತಪ್ಪು ಅಡಗಿರುತ್ತದೆ. ಪ್ಯಾರಾಸಿಟಮಾಲ್ ಹನಿಗಳಲ್ಲಿ ಸಾಮಾನ್ಯವಾಗಿ 1 ಮಿಲಿಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ 5 ಮಿಲಿಗೆ 120 ಅಥವಾ 125, ಗಾಢ ಸಿರಪ್ಪಿನಲ್ಲಿ 5 ಮಿಲಿಗೆ 250. 10 ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ ಕೊಡಬಹುದಾದದ್ದು ಹೆಚ್ಚೆಂದರೆ 150 ಮಿಲಿಗ್ರಾಂ. 'ಒಂದು ಚಮಚ ಕೊಡು' ಎಂಬ ಅಜ್ಜಿಯ ಮಾತು ಗಾಢವಲ್ಲದ ಸಿರಪ್ಪಿನ ಬಾಟಲಿಗೆ ಸರಿ. ಅದೇ ಚಮಚವನ್ನು ಹನಿಯ ಬಾಟಲಿಯಿಂದ ತುಂಬಿದರೆ 500 ಮಿಲಿಗ್ರಾಂ. ಇಂಥ ಪ್ರಮಾಣ ಮತ್ತೆ ಮತ್ತೆ ಬಿದ್ದರೆ ಯಕೃತ್ತು ಕೆಡುತ್ತದೆ. ಚಮಚ ಬಿಟ್ಟು ಗುರುತಿರುವ ಸಿರಿಂಜು ಬಳಸಬೇಕು, ಎರಡು ಸಲಗಳ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಅಂತರವಿರಬೇಕು. ಹಿಂದಿನ ಸಲ ಉಳಿದ ಆಂಟಿಬಯೋಟಿಕ್ ಬಾಟಲಿಯನ್ನು ಮತ್ತೆ ತೆರೆಯುವುದು, ಮೆಡಿಕಲ್ ಅಂಗಡಿಯವನನ್ನು ಕೇಳಿ ಎರಡು ದಿನದ ಮಾತ್ರೆ ತರುವುದು ಇನ್ನೂ ಕೆಟ್ಟದ್ದು. ಅರ್ಧ ಚಿಕಿತ್ಸೆಯಾದ ಗಂಭೀರ ಸೋಂಕು ತನ್ನ ಗುರುತುಗಳನ್ನು ಮುಚ್ಚಿಕೊಂಡು ಒಳಗೇ ಬೆಳೆಯುತ್ತದೆ.

ಜ್ವರದ ಫಿಟ್ಸ್ ಕುರಿತು ಒಂದು ಮಾತು. ಆರು ತಿಂಗಳಿಂದ ಐದು ವರ್ಷದ ನಡುವೆ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಇದು ಬರುತ್ತದೆ. ನೋಡಲು ಭಯಂಕರ, ಹೆಚ್ಚಿನಂಶ ನಿರಪಾಯ. ಮಗುವನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಿ ಗಡಿಯಾರ ನೋಡಬೇಕು. ಬಾಯಿಗೆ ಚಮಚ ತುರುಕುವುದು, ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಬೇಡ (ಈರುಳ್ಳಿ ಬಾರದ ಮನೆಗಳಲ್ಲೂ ಆ ಹೊತ್ತಿಗೆ ಪಕ್ಕದ ಮನೆಯಿಂದ ತರಿಸುತ್ತಾರೆ). ಮೊದಲ ಸಲ ಬಂದದ್ದಾದರೆ, ಐದು ನಿಮಿಷ ದಾಟಿದರೆ, ನಿಂತ ಮೇಲೂ ಮಗು ಎಚ್ಚರಗೊಳ್ಳದಿದ್ದರೆ ಆಸ್ಪತ್ರೆ.

ಯಾವ ಅಪಾಯದ ಗುರುತೂ ಇಲ್ಲದಿದ್ದರೂ ಜ್ವರ ಮೂರು ದಿನ ದಾಟಿದರೆ ವೈದ್ಯರಿಗೆ ತೋರಿಸಬೇಕು. ಮಳೆಗಾಲದಲ್ಲಿ ಟೈಫಾಯ್ಡ್ ಮೆಲ್ಲಗೆ ಏರುತ್ತ ವಾರ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದ ಮೊದಲ ಟೈಫಾಯ್ಡ್ ಕಾಂಜುಗೇಟ್ ಲಸಿಕೆ ತಯಾರಾಗುವುದು ಇದೇ ಹೈದರಾಬಾದಿನಲ್ಲಿ. ಆರು ವಾರದಿಂದ ಉಚಿತವಾಗಿ ಕೊಡುವ ಪೆಂಟಾವೇಲೆಂಟ್ ಮತ್ತು ನ್ಯುಮೋಕಾಕಲ್ ಲಸಿಕೆಗಳು ಮೆದುಳುಪೊರೆಯ ಸೋಂಕನ್ನೂ ನ್ಯುಮೋನಿಯಾವನ್ನೂ ತರುವ ಎರಡು ಮುಖ್ಯ ಬ್ಯಾಕ್ಟೀರಿಯಗಳನ್ನು ತಡೆಯುತ್ತವೆ. ಯಾತ್ರೆಗೆ ಹೋಗಿದ್ದೆವು, ಊರಿಗೆ ಹೋಗಿದ್ದೆವು ಎಂದು ತಪ್ಪಿದ ಡೋಸನ್ನು ಬಂದ ಮೇಲೆ ಹಾಕಿಸಬಹುದು.

ಆಸ್ಪತ್ರೆಗೆ ಹೊರಡುವಾಗ ಒಂದು ಕಾಗದ ಜೊತೆಗಿರಲಿ. ಜ್ವರ ಶುರುವಾದ ದಿನ ಮತ್ತು ಹೊತ್ತು, ಕೊಟ್ಟ ಔಷಧದ ಹೆಸರು, ಎಷ್ಟು ಮಿಲಿ, ಯಾವಾಗ, ಕೊನೆಯ ಮೂತ್ರ ಯಾವಾಗ, ಒಂದು ನಿಮಿಷಕ್ಕೆ ಉಸಿರೆಷ್ಟು, ಮಗುವಿನ ತೂಕ, ಲಸಿಕೆಯ ಕಾರ್ಡು. ಎಲ್ಲಕ್ಕಿಂತ ಮೇಲೆ ಒಂದು ಸಾಲು: ಹಿಂದಿನ ಜ್ವರಗಳಿಗೂ ಈ ಜ್ವರಕ್ಕೂ ಏನು ವ್ಯತ್ಯಾಸ ಕಂಡಿತು. ಮಗುವನ್ನು ಹೊದಿಸಿ ಎತ್ತಿಕೊಳ್ಳುವ ಸೊಸೆಗೆ ಆ ಹೊತ್ತಿನಲ್ಲಿ ಬರೆಯಲು ಕೈ ಇರುವುದಿಲ್ಲ. ಅತ್ತೆಯ ಕೈಗೆ ಪೆನ್ನು ಕೊಡಬಹುದು. ಆಕೆ ಹೇಳುತ್ತಾಳೆ, ಅವರು ಬರೆಯುತ್ತಾರೆ. ಅಷ್ಟರಲ್ಲಿ ಮಗ ಕೆಳಗಿಳಿದು ಆಟೋ ನಿಲ್ಲಿಸಿರುತ್ತಾನೆ.